ಲಿಫ್ಟ್ ಬಾಗಿಲಿನ ಲಾಕ್ ದೋಷ: ಹುಡುಕುವುದು ಹೇಗೆ, ಸರಿಪಡಿಸುವುದು ಹೇಗೆ

"ಬಾಗಿಲು ಮುಚ್ಚುತ್ತೆ ಸಾರ್, ಆದ್ರೆ ಲಿಫ್ಟ್ ಹೋಗ್ತಿಲ್ಲ."

ಲಿಫ್ಟ್ ರಿಪೇರಿ ಕೆಲಸದಲ್ಲಿ ನಾನು ಜಾಸ್ತಿ ಕೇಳಿದ ಮಾತು ಇದೇ. ಮೋಟಾರು ಚೆನ್ನಾಗಿರುತ್ತದೆ, ಕರೆಂಟ್ ಇರುತ್ತದೆ, ಬಟನ್ ದೀಪ ಹತ್ತುತ್ತದೆ. ಆದರೂ ಲಿಫ್ಟ್ ಕದಲುವುದಿಲ್ಲ. ಕಾಯುತ್ತಿರುವವರಿಗೆ ಸಿಟ್ಟು ಬಂದಿರುತ್ತದೆ. ಬೇಗ ಓಡಿಸಿಬಿಡಿ ಎಂಬ ಒತ್ತಾಯ ಶುರುವಾಗುತ್ತದೆ. ಆ ಒತ್ತಾಯಕ್ಕೆ ಮಣಿದು ಕೆಲವರು ಲಾಕ್‌ಗೆ ಹೋಗುವ ಎರಡು ವೈರ್‌ಗಳನ್ನು ಒಂದಕ್ಕೊಂದು ಸೇರಿಸಿ ಶಾರ್ಟ್ ಮಾಡಿಬಿಡುತ್ತಾರೆ. ಲಿಫ್ಟ್ ಓಡುತ್ತದೆ ನಿಜ. ಆದರೆ ಅವತ್ತಿನಿಂದ ಆ ಮಹಡಿಯ ಬಾಗಿಲು ತೆರೆದಿದ್ದರೂ ಓಡುತ್ತದೆ.

ಹಾಗೆ ಶಾರ್ಟ್ ಮಾಡದೆ ದೋಷ ಹಿಡಿಯುವುದು ಹೇಗೆ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರಿದ ಮೆಕ್ಯಾನಿಕ್‌ಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಕಟ್ಟಡ ನೋಡಿಕೊಳ್ಳುವವರು ಓದಿದರೂ ಒಳ್ಳೆಯದೇ. ಮೆಕ್ಯಾನಿಕ್ ಯಾಕೆ ಇಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ಅರ್ಥವಾಗುತ್ತದೆ. ಆದರೆ ತರಬೇತಿ ಇಲ್ಲದವರು ದಯವಿಟ್ಟು ಲಿಫ್ಟ್ ಶಾಫ್ಟ್‌ನೊಳಗೆ, ಅಂದರೆ ಕ್ಯಾಬಿನ್ ಓಡಾಡುವ ಬಾವಿಯೊಳಗೆ ಕೈ ಹಾಕಬೇಡಿ, ಲಿಫ್ಟನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆ ತೆರೆಯಬೇಡಿ.

ಲಾಕ್ ಏನು ಮಾಡುತ್ತದೆ

ಲಿಫ್ಟ್‌ನಲ್ಲಿ ಎರಡು ಬಾಗಿಲು ಇವೆ. ಒಂದು ಕ್ಯಾಬಿನ್ ಜೊತೆ ಮೇಲೆ ಕೆಳಗೆ ಓಡಾಡುತ್ತದೆ. ಇನ್ನೊಂದು ಪ್ರತಿ ಮಹಡಿಯಲ್ಲೂ ಗೋಡೆಗೆ ಸೇರಿಕೊಂಡಿರುತ್ತದೆ. ಈಗಿನ ಸಾಮಾನ್ಯ ಆಟೊಮ್ಯಾಟಿಕ್ ಲಿಫ್ಟ್‌ಗಳಲ್ಲಿ ಮೋಟಾರು ಇರುವುದು ಕ್ಯಾಬಿನ್ ಬಾಗಿಲಿಗೆ ಮಾತ್ರ. ಕ್ಯಾಬಿನ್ ಮಹಡಿಗೆ ಬಂದು ನಿಂತಾಗ ಅದರ ಬಾಗಿಲಿನ ಮೇಲಿರುವ ವೇನ್ ಎಂಬ ಪಟ್ಟಿ, ಮಹಡಿ ಬಾಗಿಲಿನ ಲಾಕ್ ರೋಲರ್‌ಗಳನ್ನು ಹಿಡಿಯುತ್ತದೆ. ರೋಲರ್ ಸರಿದಾಗ ಲಾಕ್‌ನ ಕೊಂಡಿ ಮೇಲೇಳುತ್ತದೆ. ಆಮೇಲೆ ಎರಡೂ ಬಾಗಿಲು ಒಟ್ಟಿಗೆ ಸರಿಯುತ್ತವೆ.

ಅಂದರೆ ಕ್ಯಾಬಿನ್ ಇಲ್ಲದ ಮಹಡಿಯಲ್ಲಿ ಆ ಕೊಂಡಿಯನ್ನು ಎತ್ತುವವರೇ ಇಲ್ಲ. ಮಗುವೊಂದು ಬಾಗಿಲಿಗೆ ಒರಗಿದರೂ, ದೊಡ್ಡವರು ಎಳೆದರೂ ತೆರೆಯಬಾರದು. ಆ ಬಾಗಿಲಿನ ಆಚೆ ಇರುವುದು ಬರೀ ಆಳ.

ಕೊಂಡಿ ಬಿದ್ದರಷ್ಟೇ ಸಾಲದು. ಬಿದ್ದಿದೆ ಎಂಬುದು ಕಂಟ್ರೋಲರ್‌ಗೆ ಗೊತ್ತಾಗಬೇಕು. ಅದಕ್ಕೆ ಕೊಂಡಿಯ ಮೇಲೆಯೇ ಒಂದು ಚಿಕ್ಕ ಲೋಹದ ಸೇತುವೆ ಇರುತ್ತದೆ. ಕೊಂಡಿ ತನ್ನ ಜಾಗಕ್ಕೆ ಇಳಿದಾಗ ಆ ಸೇತುವೆ ಎರಡು ಕಾಂಟ್ಯಾಕ್ಟ್‌ಗಳನ್ನು ಸೇರಿಸುತ್ತದೆ. ಯುರೋಪಿನ ಇಎನ್ 81-20 ಮಾನದಂಡದ ಪ್ರಕಾರ ಕೊಂಡಿ ಕನಿಷ್ಠ 7 ಮಿ.ಮೀ. ಒಳಗೆ ಕೂತ ಮೇಲೆಯೇ ಲಿಫ್ಟ್ ಹೊರಡಬೇಕು. ಲಾಕ್ ಇರುವ ಎತ್ತರದಲ್ಲಿ ಬಾಗಿಲನ್ನು ತೆರೆಯುವ ದಿಕ್ಕಿಗೆ 300 ನ್ಯೂಟನ್ ಬಲದಿಂದ, ಅಂದರೆ ಹೆಚ್ಚುಕಡಿಮೆ 30 ಕಿಲೋ ತೂಕದಷ್ಟು ಜೋರಾಗಿ ಎಳೆದರೂ ಆ ಹಿಡಿತ ಸಡಿಲವಾಗಬಾರದು. ಸ್ಪ್ರಿಂಗ್ ಮುರಿದರೂ ಕೊಂಡಿ ತನ್ನ ತೂಕಕ್ಕೆ ಮೇಲೇಳಬಾರದು.

ಎಲ್ಲ ಮಹಡಿಗಳ ಲಾಕ್ ಕಾಂಟ್ಯಾಕ್ಟ್‌ಗಳನ್ನೂ ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ. ಕ್ಯಾಬಿನ್ ಬಾಗಿಲಿನ ಕಾಂಟ್ಯಾಕ್ಟ್, ವೇಗ ಮಿತಿಮೀರಿದರೆ ಬೀಳುವ ಗವರ್ನರ್ ಸ್ವಿಚ್, ಶಾಫ್ಟ್ ತಳದ ಗುಂಡಿಯಲ್ಲಿ (ಪಿಟ್) ಇರುವ ಸ್ಟಾಪ್ ಸ್ವಿಚ್, ಮೇಲೂ ಕೆಳಗೂ ಇರುವ ಕೊನೆಯ ಲಿಮಿಟ್ ಸ್ವಿಚ್‌ಗಳು ಎಲ್ಲವೂ ಇದೇ ಸರದಲ್ಲಿ ಇವೆ. ಇದಕ್ಕೆ ಸೇಫ್ಟಿ ಸರ್ಕ್ಯೂಟ್ ಎನ್ನುತ್ತೇವೆ. ಎಲ್ಲಿ ತುಂಡಾದರೂ ಮೋಟಾರಿಗೆ ಕರೆಂಟ್ ನಿಂತು ಬ್ರೇಕ್ ಬೀಳುತ್ತದೆ. ವೈರ್ ಕಿತ್ತುಹೋದರೂ ಲಿಫ್ಟ್ ಅದನ್ನು "ಬಾಗಿಲು ತೆರೆದಿದೆ" ಎಂದೇ ತಿಳಿಯುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಅನುಮಾನ ಬಂದರೆ ನಿಲ್ಲು ಎಂಬುದು ಇದರ ಲೆಕ್ಕ. ಹಾಗಾಗಿ ನಿಂತ ಲಿಫ್ಟ್ ಕೆಟ್ಟಿದೆ ಎನ್ನುವ ಮೊದಲು, ಅದು ಏನನ್ನು ಕಂಡು ನಿಂತಿದೆ ಎಂದು ಕೇಳಿಕೊಳ್ಳಬೇಕು.

ಹಿಂದೆ ಈ ಎರಡು ಬಾಗಿಲನ್ನೂ ಜನರೇ ಕೈಯಿಂದ ಮುಚ್ಚಬೇಕಿತ್ತು. ಯಾರೋ ಮರೆತರೆ ಇನ್ಯಾರೋ ಶಾಫ್ಟ್‌ಗೆ ಬೀಳುತ್ತಿದ್ದರು. ಅಮೆರಿಕದ ಅಲೆಕ್ಸಾಂಡರ್ ಮೈಲ್ಸ್ 1887ರಲ್ಲಿ ಬಾಗಿಲುಗಳು ತಾವಾಗಿಯೇ ತೆರೆದು ಮುಚ್ಚುವ ವ್ಯವಸ್ಥೆಗೆ ಪೇಟೆಂಟ್ ಪಡೆದದ್ದು ಇದೇ ತೊಂದರೆಗಾಗಿ.

ಮುಟ್ಟುವ ಮೊದಲು

ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ ಎಂದು ಮೊದಲು ಕೂಗಿ ಕೇಳಿ. ಇದ್ದರೆ ಅವರನ್ನು ಹೊರಗೆ ತರುವುದೇ ಮೊದಲ ಕೆಲಸ, ದೋಷ ಆಮೇಲೆ. ಅವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಬಾಗಿಲನ್ನು ನೀವೇ ಎಳೆದು ತೆರೆಯಬೇಡಿ, ಕೆಳಗೆ ಜಿಗಿಯಬೇಡಿ. ಎರಡು ಮಹಡಿಗಳ ನಡುವೆ ನಿಂತ ಕ್ಯಾಬಿನ್‌ನಿಂದ ಕೆಳಗಿನ ಮಹಡಿಗೆ ಜಿಗಿಯುವಾಗ ಕಾಲು ಜಾರಿದರೆ ಬೀಳುವುದು ಕ್ಯಾಬಿನ್ ಅಡಿಯ ಖಾಲಿ ಜಾಗಕ್ಕೆ. ಒಳಗಿರುವುದೇ ಕ್ಷೇಮ. ಕ್ಯಾಬಿನ್‌ನಲ್ಲಿ ಗಾಳಿ ಆಡುತ್ತದೆ, ಉಸಿರುಗಟ್ಟುವ ಭಯ ಬೇಡ.

ಎಲ್ಲ ಮಹಡಿಗಳಲ್ಲೂ ತಡೆ ಮತ್ತು ಬೋರ್ಡ್ ಇಡಿ. ಕ್ಯಾಬಿನ್ ಮೇಲೆ ಹತ್ತುವಾಗ ಮೊದಲು ಸ್ಟಾಪ್ ಸ್ವಿಚ್ ಒತ್ತಿ, ಆಮೇಲೆ ಇನ್ಸ್‌ಪೆಕ್ಷನ್‌ಗೆ, ಅಂದರೆ ಮೆಕ್ಯಾನಿಕ್ ಕೈಯಿಂದ ನಿಧಾನವಾಗಿ ಓಡಿಸುವ ಸ್ಥಿತಿಗೆ ಹಾಕಿ. ಕಾಂಟ್ಯಾಕ್ಟ್ ಅಥವಾ ವೈರ್‌ಗೆ ಕೈ ಹಾಕುವಾಗ ಮೇನ್ ಆಫ್ ಆಗಿರಬೇಕು, ಬೀಗ ಬಿದ್ದಿರಬೇಕು.

ಹೊರಗಿನಿಂದ ಲಾಕ್ ಬಿಡಿಸುವ ತ್ರಿಕೋನ ಕೀಲಿಯಿಂದ ಮಹಡಿ ಬಾಗಿಲು ತೆರೆಯುವ ಗಳಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊರಗಿನ ಡಿಸ್‌ಪ್ಲೇ "3" ಎನ್ನುತ್ತಿದೆ ಅಂದ ಮಾತ್ರಕ್ಕೆ ಕ್ಯಾಬಿನ್ ಮೂರನೇ ಮಹಡಿಯಲ್ಲಿ ಇದೆ ಎಂದು ನಂಬಬೇಡಿ. ದೇಹದ ಭಾರ ಹಿಂದಿನ ಕಾಲಿನ ಮೇಲಿರಲಿ. ಒಂದು ಕೈ ಗೋಡೆ ಹಿಡಿದಿರಲಿ. ಬಾಗಿಲನ್ನು ಒಂದು ಗೇಣಿನಷ್ಟೇ ಸರಿಸಿ, ಟಾರ್ಚ್ ಬಿಟ್ಟು, ಕ್ಯಾಬಿನ್ ಎಲ್ಲಿದೆ ಎಂದು ಕಣ್ಣಾರೆ ನೋಡಿ. ಕೆಲಸ ಮುಗಿದ ಮೇಲೆ ಬಾಗಿಲು ಮುಚ್ಚಿ, ಕೀಲಿ ತೆಗೆದು, ಬಾಗಿಲನ್ನು ಕೈಯಿಂದ ಎಳೆದು ನೋಡಿ. ತೆರೆಯದಿದ್ದರೆ ಮಾತ್ರ ಅಲ್ಲಿಂದ ಹೊರಡಿ.

ಮೊದಲು ಲಕ್ಷಣ ಕೇಳಿ

ಮೀಟರ್ ತೆಗೆಯುವ ಮೊದಲು ಅಲ್ಲಿರುವವರ ಹತ್ತಿರ ಎರಡು ನಿಮಿಷ ಮಾತಾಡಿ. ಯಾವ ಮಹಡಿಯಲ್ಲಿ ನಿಂತಿತು? ಬಾಗಿಲು ಪೂರ್ತಿ ಮುಚ್ಚಿತ್ತಾ? ಅದಕ್ಕೆ ಮುಂಚೆ ಏನಾಯಿತು? ಈ ಮೂರು ಉತ್ತರ ಸಿಕ್ಕರೆ ಅರ್ಧ ದಾರಿ ಸವೆದಂತೆ.

ಬಾಗಿಲು ಪೂರ್ತಿ ಮುಚ್ಚಿ, ಕೆಲವು ಸೆಕೆಂಡ್ ಸುಮ್ನೆ ನಿಂತು, ಮತ್ತೆ ತೆರೆಯುತ್ತದೆ ಎಂದರೆ ಆ ಮಹಡಿಯ ಲಾಕ್ ಕಾಂಟ್ಯಾಕ್ಟ್ ಅಥವಾ ಕ್ಯಾಬಿನ್ ಬಾಗಿಲಿನ ಕಾಂಟ್ಯಾಕ್ಟ್ ಸೇರುತ್ತಿಲ್ಲ. ಒಂದೇ ಮಹಡಿಯಲ್ಲಿ ಹೀಗಾದರೆ ಆ ಮಹಡಿಯ ಲಾಕ್ ನೋಡಿ. ಎಲ್ಲ ಮಹಡಿಗಳಲ್ಲೂ ಆದರೆ ಕ್ಯಾಬಿನ್ ಬಾಗಿಲನ್ನು ನೋಡಿ.

ಮುಚ್ಚಲು ಬಂದು, ಕೊನೆಯಲ್ಲಿ ನಾಲ್ಕು ಬೆರಳಿನ ಅಂತರದಿಂದ ವಾಪಸ್ ಹೋದರೆ ಅದು ಲಾಕ್ ದೋಷ ಅಲ್ಲ. ಹೊಸ್ತಿಲಿನ ಕಾಲುವೆಯಲ್ಲಿ ಏನೋ ಸಿಕ್ಕಿದೆ, ಅಥವಾ ಬಾಗಿಲಿನ ನಡುವೆ ಯಾರಾದರೂ ಇದ್ದಾರಾ ಎಂದು ಬೆಳಕಿನಿಂದ ನೋಡುವ ಲೈಟ್ ಕರ್ಟನ್ ಮೇಲೆ ಧೂಳು ಕೂತಿದೆ. ಬಾಗಿಲು ಮುಚ್ಚುವ ಬಲ 150 ನ್ಯೂಟನ್ ದಾಟಬಾರದು ಎಂಬ ಮಿತಿ ಇದೆ, ಯಾರ ಕೈಯೂ ಜಜ್ಜದಿರಲಿ ಎಂದು. ಹಾಗಾಗಿ ಚಿಕ್ಕ ಅಡ್ಡಿ ಸಿಕ್ಕರೂ ಬಾಗಿಲು ಹಿಂದೆ ಸರಿಯುತ್ತದೆ. ಹೊಸ್ತಿಲು ಗುಡಿಸುವ ಕೆಲಸವನ್ನು ಕಟ್ಟಡದವರೇ ಮಾಡಬಹುದು. ಗುಡಿಸಿದ ಕಸ ಶಾಫ್ಟ್ ಒಳಗೆ ಬೀಳದಂತೆ ಹೊರಗೆ ಎಳೆದುಕೊಳ್ಳಿ.

ಓಡುತ್ತಾ ಓಡುತ್ತಾ ನಡುವೆ ಗಕ್ಕನೆ ನಿಲ್ಲುತ್ತದೆ, ಅದೂ ಯಾವಾಗಲೂ ಅದೇ ಜಾಗದಲ್ಲಿ ಎಂದರೆ ನನಗೆ ಮೊದಲು ಅನುಮಾನ ಬರುವುದು ವೇನ್ ಮತ್ತು ರೋಲರ್ ಮೇಲೆ. ದಾಟಿಹೋಗುವ ಮಹಡಿಯ ರೋಲರ್‌ಗೆ ವೇನ್ ತಾಗುತ್ತಿರುತ್ತದೆ. ಕೊಂಡಿ ಅಲುಗಿ ಒಂದು ಕ್ಷಣ ಕಾಂಟ್ಯಾಕ್ಟ್ ಬಿಡುತ್ತದೆ, ಅಷ್ಟು ಸಾಕು.

ಒಮ್ಮೊಮ್ಮೆ ನಿಲ್ಲುತ್ತೆ, ಆಮೇಲೆ ತಾನೇ ಸರಿಹೋಗುತ್ತೆ ಎಂಬುದು ಎಲ್ಲಕ್ಕಿಂತ ಕಷ್ಟದ ದೂರು. ಸಡಿಲವಾದ ಟರ್ಮಿನಲ್ (ವೈರ್ ಬಿಗಿಯುವ ಜಾಗ), ಸುಟ್ಟ ಕಾಂಟ್ಯಾಕ್ಟ್, ಕ್ಯಾಬಿನ್ ಅಡಿಯಲ್ಲಿ ನೇತಾಡುವ ಕೇಬಲ್‌ನೊಳಗೆ ಮುರಿದ ಎಳೆ, ಯಾವುದೂ ಆಗಬಹುದು. ನೆಲ ತೊಳೆದ ಮೇಲೆ ಅಥವಾ ಮಳೆ ಬಂದ ಮೇಲೆ ಶುರುವಾಯಿತು ಎಂದರೆ ನೀರು ಇಳಿದ ದಾರಿ ಹುಡುಕಿ.

ಕಂಟ್ರೋಲರ್‌ನಲ್ಲಿ ದಾರಿ ಹಿಡಿಯುವುದು

ಬಹಳಷ್ಟು ಕಂಟ್ರೋಲರ್‌ಗಳಲ್ಲಿ ಸೇಫ್ಟಿ ಸರ್ಕ್ಯೂಟ್‌ನ ಒಂದೊಂದು ಭಾಗಕ್ಕೆ ಒಂದೊಂದು ಎಲ್‌ಇಡಿ ಇರುತ್ತದೆ. ಎಮರ್ಜೆನ್ಸಿ ಸ್ವಿಚ್‌ಗಳದ್ದು, ಮಹಡಿ ಬಾಗಿಲುಗಳದ್ದು, ಕ್ಯಾಬಿನ್ ಬಾಗಿಲಿನದು ಎಂದು. ಸರ ಶುರುವಾಗುವ ಕಡೆಯಿಂದ ನೋಡುತ್ತಾ ಬಂದರೆ ಮೊದಲು ಆರಿರುವ ಎಲ್‌ಇಡಿ ಸಿಗುತ್ತದೆ. ಅದಕ್ಕೂ ಅದರ ಹಿಂದಿನದಕ್ಕೂ ನಡುವೆ ಸರ ತುಂಡಾಗಿದೆ. ಕಂಟ್ರೋಲರ್‌ನಲ್ಲಿ ಹಿಂದಿನ ದೋಷಗಳ ಪಟ್ಟಿ, ಅಂದರೆ ಫಾಲ್ಟ್ ಲಾಗ್ ಇದ್ದರೆ ಅದನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಒಂದೇ ಮಹಡಿಯ ಸಂಖ್ಯೆ ಮತ್ತೆ ಮತ್ತೆ ಬಂದಿದ್ದರೆ ಅದೇ ಸುಳಿವು.

ಎಲ್‌ಇಡಿ ಇಲ್ಲದಿದ್ದರೆ ಮೀಟರ್. ಈ ಸರ್ಕ್ಯೂಟ್‌ನ ವೋಲ್ಟೇಜ್ ಎಲ್ಲ ಲಿಫ್ಟ್‌ಗಳಲ್ಲೂ ಒಂದೇ ಅಲ್ಲ. ಎಸಿ ಇರಬಹುದು, ಡಿಸಿ ಇರಬಹುದು. ಡ್ರಾಯಿಂಗ್ ನೋಡದೆ ಪ್ರೋಬ್ ಇಡಬೇಡಿ. ಮೀಟರಿನ ಒಂದು ಪ್ರೋಬ್ ಸರ್ಕ್ಯೂಟ್‌ನ ಕಾಮನ್ (ಕರೆಂಟ್ ವಾಪಸ್ ಬರುವ ಬದಿ) ಮೇಲೆ ಇರಲಿ, ಇನ್ನೊಂದು ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಸಾಗಲಿ. ವೋಲ್ಟೇಜ್ ಎಲ್ಲಿಯವರೆಗೆ ಬಂದು ಎಲ್ಲಿ ಮಾಯವಾಯಿತೋ ಅಲ್ಲೇ ದೋಷ.

ಶಾಫ್ಟ್ ಒಳಗಿನ ಲಾಕ್‌ಗಳನ್ನು ಕೆಳಗಿನಿಂದ ಒಂದೊಂದಾಗಿ ನೋಡುತ್ತಾ ಹೋದರೆ ದಿನವೇ ಮುಗಿಯುತ್ತದೆ. ಹನ್ನೆರಡು ಮಹಡಿ ಇದ್ದರೆ ಆರನೆಯದರಲ್ಲಿ ಅಳೆಯಿರಿ. ಅಲ್ಲಿಯವರೆಗೆ ಸರಿ ಇದ್ದರೆ ದೋಷ ಉಳಿದರ್ಧದಲ್ಲಿದೆ. ಆ ಅರ್ಧದ ನಡುವೆ ಮತ್ತೆ ಅಳೆಯಿರಿ. ಹೀಗೆ ನಾಲ್ಕು ಅಳತೆಯೊಳಗೆ ಮಹಡಿ ಸಿಗುತ್ತದೆ. ಆದರೆ ಇದಕ್ಕೂ ಮುಂಚೆ, ಕ್ಯಾಬಿನ್ ಈಗ ನಿಂತಿರುವ ಮಹಡಿಯ ಬಾಗಿಲನ್ನು ನೋಡಿಬಿಡಿ. ಕೊನೆಯ ಸಲ ತೆರೆದು ಮುಚ್ಚಿದ್ದು ಅದೇ ಅಲ್ವಾ? ಮುಚ್ಚಿಯೇ ಇದ್ದ ಬೇರೆ ಬಾಗಿಲುಗಳಿಗಿಂತ ಅದರ ಮೇಲೆ ಅನುಮಾನ ಜಾಸ್ತಿ.

ಡಿಜಿಟಲ್ ಮೀಟರ್ ಬಳಸುವಾಗ ಒಂದು ಎಚ್ಚರಿಕೆ. ಶಾಫ್ಟ್‌ನ ಉದ್ದ ಕೇಬಲ್‌ನಲ್ಲಿ ಪಕ್ಕದ ವೈರ್‌ನ ಪ್ರಭಾವದಿಂದ ಸುಳ್ಳು ವೋಲ್ಟೇಜ್ ಕಾಣಿಸುತ್ತದೆ. ತುಂಡಾದ ವೈರ್‌ನಲ್ಲೂ ನಲವತ್ತು ಐವತ್ತು ವೋಲ್ಟ್ ತೋರಿಸಿ ದಾರಿ ತಪ್ಪಿಸಬಹುದು. ಮೀಟರ್‌ನಲ್ಲಿ ಲೋ ಇಂಪೀಡೆನ್ಸ್ ಮೋಡ್ ಇದ್ದರೆ ಅದನ್ನೇ ಬಳಸಿ.

ಮುಚ್ಚಿದ ಕಾಂಟ್ಯಾಕ್ಟ್‌ನ ಎರಡು ತುದಿಗಳ ನಡುವೆ ಅಳೆದರೆ ಸೊನ್ನೆಯ ಹತ್ತಿರ ಬರಬೇಕು. ಕೆಲವು ವೋಲ್ಟ್ ಬಂದರೆ ಕಾಂಟ್ಯಾಕ್ಟ್ ಸೇರಿದೆ, ಆದರೆ ಸರಿಯಾಗಿ ಸೇರಿಲ್ಲ. ಒಮ್ಮೊಮ್ಮೆ ನಿಲ್ಲುವ ಲಿಫ್ಟ್‌ಗಳಲ್ಲಿ ಈ ಅಳತೆ ಬಹಳ ಉಪಯೋಗಕ್ಕೆ ಬರುತ್ತದೆ. ಓಮ್ಸ್ ಅಳೆಯುವುದಾದರೆ ಮೇನ್ ಆಫ್ ಮಾಡಿಯೇ ಅಳೆಯಿರಿ.

ಫ್ಯೂಸ್ ಹಾರುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ಈ ಸರ್ಕ್ಯೂಟ್‌ನ ಒಂದು ಬದಿಯನ್ನು ಸಾಮಾನ್ಯವಾಗಿ ಅರ್ಥ್‌ಗೆ ಸೇರಿಸಿರುತ್ತಾರೆ. ಯಾವುದೋ ವೈರ್ ಚರ್ಮ ಸುಲಿದು ಕಬ್ಬಿಣಕ್ಕೆ ತಾಗಿದರೆ ಫ್ಯೂಸ್ ಹಾರಲಿ ಎಂದೇ ಹಾಗೆ ಮಾಡಿರುವುದು. ಇಲ್ಲದಿದ್ದರೆ ಎರಡು ಕಡೆ ತಾಗಿದಾಗ ನಡುವಿನ ಲಾಕ್‌ಗಳೆಲ್ಲ ಇದ್ದೂ ಇಲ್ಲದಂತಾಗುತ್ತವೆ.

ಲಾಕ್ ಹತ್ತಿರ ಕೂತು ನೋಡಿದಾಗ

ಮಹಡಿ ಸಿಕ್ಕಿತು ಎಂದುಕೊಳ್ಳಿ. ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು.

ಒಂದು ಕಟ್ಟಡದಲ್ಲಿ ಎರಡನೇ ಮಹಡಿಯ ಬಾಗಿಲು ಮುಚ್ಚಿ, ತೆರೆದು, ಮುಚ್ಚಿ, ಮೂರನೇ ಸಲಕ್ಕೆ ಲಿಫ್ಟ್ ಹೊರಡುತ್ತಿತ್ತು. ಲಾಕ್ ಮುಚ್ಚಳ ತೆಗೆದು ನೋಡಿದೆ. ಸೇತುವೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಕಲೆ. ಸಿಕ್ಕಿತು ಎಂದುಕೊಂಡೆ. ಒರೆಸಿದೆ, ಲಿಫ್ಟ್ ಸಲೀಸಾಗಿ ಓಡಿತು. ಎರಡು ವಾರಕ್ಕೆ ಮತ್ತೆ ಅದೇ ದೂರು. ಮತ್ತೆ ಒರೆಸಿ ಬಂದೆ. ಮೂರನೇ ಸಲ ಹೋದಾಗ ಕ್ಯಾಬಿನ್ ಮೇಲೆ ಕೂತು, ಟಾರ್ಚನ್ನು ಲಾಕ್ ಮೇಲೆ ಬಿಟ್ಟು, ಬಾಗಿಲನ್ನು ಕೈಯಿಂದ ನಿಧಾನವಾಗಿ ಮುಚ್ಚಿಸಿದೆ. ಕೊಂಡಿ ಇಳಿಯಿತು. ಆದರೆ ಪೂರ್ತಿ ಇಳಿಯಲಿಲ್ಲ. ಅದರ ಮೂಗು ಎದುರಿನ ತಟ್ಟೆಯ ಅಂಚಿನ ಮೇಲೆ ಕೂತು ನಡುಗುತ್ತಿತ್ತು. ಬಾಗಿಲು ಸುಮಾರು 3 ಮಿ.ಮೀ. ಹಿಂದೆಯೇ ನಿಂತಿತ್ತು. ಹೊಸ್ತಿಲಿನ ಕಾಲುವೆಯ ಕಟ್ಟಕಡೆಯ ಮೂಲೆಯಲ್ಲಿ ಮಣ್ಣು ಮತ್ತು ಗ್ರೀಸ್ ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರ್‌ನಿಂದ ಕೆತ್ತಿ ತೆಗೆಯಬೇಕಾಯಿತು. ಬಾಗಿಲು ಜೋರಾಗಿ ಬಂದಾಗ ಆ ಏಟಿಗೆ ಕೊಂಡಿ ಒಳಗೆ ಬೀಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ಕಪ್ಪು ಕಲೆ ದೋಷಕ್ಕೆ ಕಾರಣವೇ ಆಗಿರಲಿಲ್ಲ. ಸೇತುವೆ ಸೇರಿಯೂ ಸೇರದೆ ಕಿಡಿ ಹಾರಿ ಹಾರಿ ಆದ ಗಾಯ ಅದು.

ಅಂದಿನಿಂದ ಕಾಂಟ್ಯಾಕ್ಟ್ ಒರೆಸುವ ಮೊದಲು ಬಾಗಿಲನ್ನು ಕೈಯಿಂದ ಮುಚ್ಚಿ ಕೊಂಡಿ ಹೇಗೆ ಇಳಿಯುತ್ತದೆ ಎಂದು ನೋಡುತ್ತೇನೆ. ಕೊಂಡಿ ಸರಿಯಾಗಿ ಇಳಿಯದಿದ್ದರೆ ಬಾಗಿಲನ್ನು ನೋಡಿ. ಹೊಸ್ತಿಲಿನಲ್ಲಿ ಓಡುವ ಡೋರ್ ಶೂ ಸವೆದಿರಬಹುದು. ಮೇಲೆ ಬಾಗಿಲನ್ನು ಹೊತ್ತ ಹ್ಯಾಂಗರ್ ರೋಲರ್ ಸವೆದು ಬಾಗಿಲು ಕೆಳಗೆ ಜಗ್ಗಿ ಹೊಸ್ತಿಲಿಗೆ ಉಜ್ಜುತ್ತಿರಬಹುದು. ಭಾರದ ಟ್ರಾಲಿ ಗುದ್ದಿ ಫಲಕ ಬಗ್ಗಿರಬಹುದು. ಮಹಡಿ ಬಾಗಿಲನ್ನು ತಾನಾಗಿಯೇ ಮುಚ್ಚುವ ತೂಕ ಅಥವಾ ಸ್ಪ್ರಿಂಗ್ ಕೆಟ್ಟಿರಬಹುದು. ಈ ಕೊನೆಯದನ್ನು ಪರೀಕ್ಷಿಸುವುದು ಸುಲಭ. ಬಾಗಿಲನ್ನು ಎರಡು ಬೆರಳಿನಷ್ಟೇ ತೆರೆದು ಮೆಲ್ಲನೆ ಬಿಡಿ. ಪೂರ್ತಿ ತೆರೆದಾಗ ಎಲ್ಲ ಬಾಗಿಲೂ ಜೋರಾಗಿ ಮುಚ್ಚುತ್ತದೆ. ಕೊನೆಯ ಎರಡು ಬೆರಳಿನಲ್ಲಿ ಮುಚ್ಚಿ ಕೊಂಡಿ ಬೀಳುತ್ತದಾ ಎನ್ನುವುದೇ ನಿಜವಾದ ಪರೀಕ್ಷೆ.

ಎರಡು ಫಲಕದ ಬಾಗಿಲುಗಳಲ್ಲಿ ಒಂದಕ್ಕೆ ಕೊಂಡಿ ಇದ್ದು, ಇನ್ನೊಂದನ್ನು ಹಗ್ಗ ಅಥವಾ ಬೆಲ್ಟ್‌ನಿಂದ ಜೋಡಿಸಿದ್ದರೆ, ಎರಡನೆಯದಕ್ಕೂ ತನ್ನದೇ ಕಾಂಟ್ಯಾಕ್ಟ್ ಇರುತ್ತದೆ. ಲಾಕ್ ಕಡೆ ಎಲ್ಲ ಸರಿ ಇದ್ದೂ ಸರ್ಕ್ಯೂಟ್ ಸೇರದಿದ್ದರೆ ಅಲ್ಲಿ ನೋಡಿ. ಜೋಡಣೆಯ ಹಗ್ಗ ಸಡಿಲವಾಗಿ ಆ ಫಲಕ ಹಿಂದೆ ಉಳಿದಿರುತ್ತದೆ.

ಕಾಂಟ್ಯಾಕ್ಟ್‌ನದ್ದೇ ದೋಷವಾದರೆ ಒಣ ಬಟ್ಟೆ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸ್ಯಾಂಡ್‌ಪೇಪರ್ ಹಾಕಿದರೆ ಮೇಲಿನ ಬೆಳ್ಳಿ ಲೇಪ ಹೋಗುತ್ತದೆ. ಎಣ್ಣೆ ಹಾಕಿದರೆ ಧೂಳು ಹಿಡಿಯುತ್ತದೆ. ಗುಳಿ ಬಿದ್ದಿದ್ದರೆ ಸೇತುವೆ, ಕಾಂಟ್ಯಾಕ್ಟ್ ಎರಡನ್ನೂ ಬದಲಿಸಿ.

ಇನ್ನೊಂದು ಅಭ್ಯಾಸ ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಕಾಂಟ್ಯಾಕ್ಟ್ ಬೇಗ ಸೇರಲಿ ಎಂದು ಕೆಲವರು ಸೇತುವೆಯನ್ನು ಇಕ್ಕಳದಿಂದ ಬಗ್ಗಿಸುತ್ತಾರೆ. ಲಿಫ್ಟ್ ಓಡುತ್ತದೆ, ದೂರು ನಿಲ್ಲುತ್ತದೆ. ಆದರೆ ಈಗ ಕೊಂಡಿ 2 ಮಿ.ಮೀ. ಇಳಿದಾಗಲೇ ಸರ್ಕ್ಯೂಟ್ ಸೇರುತ್ತದೆ. ಬೀಗ ಬಿದ್ದಿಲ್ಲ, ಬಿದ್ದಿದೆ ಎಂದು ಕಂಟ್ರೋಲರ್ ನಂಬಿದೆ. ಹೊರಗಿನಿಂದ ಯಾರಾದರೂ ಬಾಗಿಲು ಎಳೆದರೆ ಬಂದೇಬಿಡಬಹುದು. ಇದಕ್ಕಿಂತ ನಿಂತ ಲಿಫ್ಟ್ ಎಷ್ಟೋ ಮೇಲು. ಕೊಂಡಿಯನ್ನು ಕೈಯಿಂದ ಮೆಲ್ಲನೆ ಇಳಿಸಿ, ಮೀಟರ್‌ನಲ್ಲಿ ಸರ್ಕ್ಯೂಟ್ ಸೇರಿದ ಕ್ಷಣಕ್ಕೆ ನಿಲ್ಲಿಸಿ, ಕೊಂಡಿ ಎಷ್ಟು ಒಳಗಿದೆ ಎಂದು ಅಳೆಯಿರಿ. 7 ಮಿ.ಮೀ.ಗಿಂತ ಕಡಿಮೆ ಇದ್ದರೆ ಆ ಲಾಕ್ ಅನ್ನು ಹಾಗೇ ಬಿಡುವಂತಿಲ್ಲ.

ನಡುದಾರಿಯಲ್ಲಿ ನಿಲ್ಲುವ ಲಿಫ್ಟ್‌ನಲ್ಲಿ ವೇನ್‌ನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ರೋಲರ್ ತಾಗಿದ ಕಡೆ ಹೊಳೆಯುವ ಗೀರು ಇರುತ್ತದೆ. ಕ್ಯಾಬಿನ್ ಮೇಲೆ ಕಪ್ಪು ರಬ್ಬರ್ ಪುಡಿ ಬಿದ್ದಿರುತ್ತದೆ. ಇನ್ಸ್‌ಪೆಕ್ಷನ್‌ನಲ್ಲಿ ನಿಧಾನವಾಗಿ ಪ್ರತಿ ಮಹಡಿ ದಾಟಿಸಿ, ವೇನ್ ಎರಡು ರೋಲರ್‌ಗಳ ನಡುವೆ ಸರಿಯಾಗಿ ಮಧ್ಯದಲ್ಲಿ ಹೋಗುತ್ತದಾ ನೋಡಿ. ಒಂದೇ ಮಹಡಿಯಲ್ಲಿ ತಾಗಿದರೆ ಆ ಲಾಕ್ ಸರಿಸಬೇಕು. ಎಲ್ಲ ಮಹಡಿಯಲ್ಲೂ ಒಂದೇ ಬದಿಗೆ ತಾಗಿದರೆ ಲಾಕ್‌ಗಳನ್ನು ಮುಟ್ಟಲೇಬೇಡಿ. ವೇನ್ ಸರಿದಿದೆ, ಇಲ್ಲವೇ ಕ್ಯಾಬಿನ್ನನ್ನು ಕಂಬಿಯ ಮೇಲೆ ನೇರವಾಗಿ ಹಿಡಿದಿಡುವ ಗೈಡ್ ಶೂ ಸವೆದು ಕ್ಯಾಬಿನ್ನೇ ವಾಲಿದೆ. ಜನ ತುಂಬಿದಾಗ ಮಾತ್ರ ನಿಲ್ಲುತ್ತದೆ, ಖಾಲಿ ಇದ್ದಾಗ ಇಲ್ಲ ಎಂದರೂ ಇದೇ ಅನುಮಾನ.

ಜಂಪರ್ ಬಗ್ಗೆ

ಜಂಪರ್ ಎಂದರೆ ಕಾಂಟ್ಯಾಕ್ಟನ್ನು ದಾಟಿಸಲು ಅದರ ಎರಡು ತುದಿಗೆ ಹಾಕುವ ವೈರ್ ತುಂಡು. ಪರೀಕ್ಷೆಗೆ ಬಾಗಿಲಿನ ಕಾಂಟ್ಯಾಕ್ಟ್ ದಾಟಿಸಲೇಬೇಕಾದ ಸಂದರ್ಭ ಬರುತ್ತದೆ. ಇಎನ್ 81-20 ಪ್ರಕಾರ ಮಾಡಿದ ಲಿಫ್ಟ್‌ಗಳ ಕಂಟ್ರೋಲರ್‌ನಲ್ಲಿ ಅದಕ್ಕೆಂದೇ ಬೈಪಾಸ್ ಸ್ವಿಚ್ ಅಥವಾ ಪ್ಲಗ್ ಇದೆ. ಅದನ್ನು ಹಾಕಿದಾಗ ಸಾಮಾನ್ಯ ಓಡಾಟ ಬಂದ್ ಆಗುತ್ತದೆ. ನಿಧಾನದ ಇನ್ಸ್‌ಪೆಕ್ಷನ್‌ನಂಥ ಓಟ ಮಾತ್ರ ಸಾಧ್ಯ. ಕ್ಯಾಬಿನ್ ಚಲಿಸುವಾಗ ಅಲಾರಂ ಕೂಗುತ್ತದೆ, ಅಡಿಯಲ್ಲಿ ದೀಪ ಮಿನುಗುತ್ತದೆ. ಅದು ಇರುವ ಕಡೆ ವೈರ್ ತುಂಡು ಹಿಡಿಯಲು ಯಾವ ಕಾರಣವೂ ಇಲ್ಲ. ಹಳೆಯ ಲಿಫ್ಟ್‌ಗಳಲ್ಲಿ ಅನುಮತಿ ಪಡೆದು ಹಾಕುವುದಾದರೆ, ಉದ್ದವಾದ, ಕಣ್ಣು ಕುಕ್ಕುವ ಬಣ್ಣದ, ನಂಬರ್ ಬರೆದ ಜಂಪರ್ ಮಾತ್ರ ಬಳಸಿ, ಮೊದಲು ಲಿಫ್ಟನ್ನು ಇನ್ಸ್‌ಪೆಕ್ಷನ್‌ಗೆ ಹಾಕಿ. ಹಾಕಿದ್ದನ್ನು ಕಾಗದದಲ್ಲಿ ಬರೆಯಿರಿ.

ಹೊಸ ಕಂಟ್ರೋಲರ್‌ಗಳು ಇದನ್ನು ಕಂಡುಹಿಡಿಯುತ್ತವೆ. ಮಹಡಿಯಲ್ಲಿ ಬಾಗಿಲು ತೆರೆದು ನಿಂತಾಗ ಕಾಂಟ್ಯಾಕ್ಟ್ ತೆರೆದಿರಬೇಕು. ಆಗಲೂ ಮುಚ್ಚಿದೆ ಎಂದು ಕಂಡರೆ ಲಿಫ್ಟ್ ಮುಂದಕ್ಕೆ ಹೋಗುವುದಿಲ್ಲ. ಅಂಥ ಕೋಡ್ ಬಂದರೆ ಸುಮ್ನೆ ರಿಸೆಟ್ ಮಾಡಬೇಡಿ. ಯಾರೋ ವೈರ್ ಬಿಟ್ಟುಹೋಗಿದ್ದಾರೆ, ಅಥವಾ ಎಲ್ಲೋ ಎರಡು ವೈರ್ ಒಂದಕ್ಕೊಂದು ತಾಗಿದೆ.

ಸರಿಪಡಿಸಿದ ಮೇಲೆ

ದೋಷ ಇದ್ದ ಮಹಡಿಯನ್ನು ಮಾತ್ರ ನೋಡಿ ಹೊರಡಬೇಡಿ. ಇನ್ಸ್‌ಪೆಕ್ಷನ್‌ನಲ್ಲಿ ಒಂದೊಂದು ಮಹಡಿಗೂ ಹೋಗಿ. ಲಿಫ್ಟ್ ನಿಧಾನವಾಗಿ ಸರಿಯುತ್ತಿರುವಾಗ ಆ ಮಹಡಿಯ ಕೊಂಡಿಯನ್ನು ಎತ್ತಿ. ಲಿಫ್ಟ್ ತಕ್ಷಣ ನಿಲ್ಲಬೇಕು. ಬಿಟ್ಟ ಮೇಲೆ ಕೊಂಡಿ ತಾನಾಗಿ ಬೀಳಬೇಕು. ಜೊತೆಗಾರರಿಗೆ ಹೊರಗಿನಿಂದ ಬಾಗಿಲು ಎಳೆಯಲು ಹೇಳಿ, ನೀವು ಒಳಗಿನಿಂದ ಕೊಂಡಿಯನ್ನು ನೋಡಿ. ಕ್ಯಾಬಿನ್ ಬಾಗಿಲಿಗೂ ಇದೇ ಪರೀಕ್ಷೆ.

ಆಮೇಲೆ ಪೆಟ್ಟಿಗೆಯಲ್ಲಿ ಜಂಪರ್ ಎಣಿಸಿ. ತಂದಷ್ಟೂ ವಾಪಸ್ ಬಂದಿರಬೇಕು. ಏನು ಕೆಟ್ಟಿತ್ತು, ಯಾವ ಮಹಡಿ, ಏನು ಬದಲಿಸಿದಿರಿ ಎಂದು ಲಾಗ್ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಲ ಬರುವವರಿಗೆ ಅದು ಅರ್ಧ ದಿನ ಉಳಿಸುತ್ತದೆ. ಲಿಫ್ಟನ್ನು ನಾರ್ಮಲ್‌ಗೆ ಹಾಕಿ, ಒಳಗೆ ನಿಂತು ಎಲ್ಲ ಮಹಡಿಗೂ ಒಂದು ಸುತ್ತು ಹೋಗಿ ಬನ್ನಿ. ಪ್ರತಿ ಮಹಡಿಯಲ್ಲೂ ಕೊಂಡಿ ಬೀಳುವ "ಟಕ್" ಸದ್ದು ಕೇಳಿಸಿಕೊಳ್ಳಿ. ಬೋರ್ಡ್ ತೆಗೆಯುವುದು ಅದಾದ ಮೇಲೆ.